ಮಾಮಾಗ ಒಂದ್ ಪದ್ಯಾ ಹೇಳು

ನಮ್ಮ ಬಾಗಲಕೋಟೆ ಕಡೆ ಮನೆಗೆ ಬೀಗರು ಬಂದರೆ ಮೊದಲು ಚಹಾ, ಚೂಡಾ. ಆಮೇಲೆ ಪದ್ಯ. "ಏ ತಮ್ಮಾ, ಮಾಮಾಗ ಒಂದ್ ಪದ್ಯಾ ಹೇಳಿ ತೋರ್ಸು." ತಮ್ಮ ಕೈಕಟ್ಟಿ ನಿಂತು ಒಂದೇ ಉಸಿರಿಗೆ ಒದರಿ ಒಳಗೆ ಓಡುತ್ತಾನೆ. ಮಾಮಾ ಹತ್ತು ರೂಪಾಯಿ ಕೊಡುತ್ತಾರೆ. ಪದ್ಯ ಮಾತ್ರ ಯಾರ ಕಿವಿಗೂ ಬಿದ್ದಿರುವುದಿಲ್ಲ.

ಅದೇ ತಮ್ಮ ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಪದ್ಯ ಅಂದರೆ ಸಾರಾಂಶ, ಕವಿ ಪರಿಚಯ, ಸಂದರ್ಭ ಸಹಿತ ವಿವರಣೆ. ಇನ್ನು ಹುಟ್ಟುಹಬ್ಬಕ್ಕೆ ಕವನದ ಪುಸ್ತಕ ಕೊಟ್ಟರೆ ಅವನ ಮುಖ ಹೇಗಾಗಬೇಡ?

ಪುಸ್ತಕ ಕೊಟ್ಟು ಅರ್ಥ ಕೇಳಬಾರದು ಅಂತ ನನ್ನ ವಾದ. ನಾವೇ ದೊಡ್ಡದಾಗಿ ಓದಬೇಕು. ಸಣ್ಣವರಿಗಂತೂ ಪ್ರಾಸ ಬಂದ ಕಡೆ ನಗು ಬಂದರೆ ಸಾಕು. ಸಾಲಿನ ಕೊನೆಯ ಶಬ್ದ ಹೇಳದೆ ಸುಮ್ನೆ ನಿಂತು ನೋಡಿ, ಅವರೇ ಹಾಕುತ್ತಾರೆ. ತಪ್ಪು ಶಬ್ದ ಹಾಕಿದರೆ ಇನ್ನೂ ಚೆಂದ.

ಅದಕ್ಕೆ ನಮ್ಮ ಸೀಮೆಯ ತ್ರಿಪದಿ ಬಹಳ ಅನುಕೂಲ. ಮೂರೇ ಸಾಲು, ಬೇಸರ ಬರುವ ಮೊದಲೇ ಮುಗಿದಿರುತ್ತದೆ. ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ ಹಾಡಿದ್ದನ್ನು ವಿಜಯಪುರ ಜಿಲ್ಲೆಯ 'ಹಲಸಂಗಿ ಗೆಳೆಯರು' ಎಂಬ ಸಾಹಿತಿಗಳ ಬಳಗ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿತು. ಬಾಯಿಂದ ಪುಸ್ತಕಕ್ಕೆ ಹೋದದ್ದು ತಿರುಗಿ ಬಾಯಿಗೆ ಬರಲು ಏನು ಕಷ್ಟ? ಮಿಕ್ಸರ್ ಸದ್ದಿನಲ್ಲಿ ಹಾಡುವುದು ಕಷ್ಟ, ಅದು ಬೇರೆ ಮಾತು.

ಮೀಸೆ ಚಿಗುರುವ ವಯಸ್ಸಿನವರದು ಜಾಸ್ತಿ ಫಜೀತಿ. ಚಿಟ್ಟೆ, ಚಂದಮಾಮ ಅಂದರೆ ಅವರಿಗೆ ಅವಮಾನ. ಸಿಟ್ಟು, ಜಂಭ, ಗತ್ತು ಇರುವ ಪದ್ಯ ಬೇಕು. ಅಂಥದ್ದು ಬಾದಾಮಿಯ ಬಂಡೆಯ ಮೇಲೇ ಇದೆ. ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟ ಎಂಬ ವೀರನ ಶಾಸನ, ಅದರಲ್ಲೂ ತ್ರಿಪದಿ! ಒಂಬತ್ತನೇ ಕ್ಲಾಸಿನ ಅಣ್ಣನ ಮಗನ ಮುಂದೆ ಶಾಸನದ ಪುಸ್ತಕ ತೆರೆದು ಗತ್ತಿನಿಂದಲೇ ಓದಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆಱನಲ್ಲ

ಮೊಬೈಲ್ ಕೆಳಗಿಟ್ಟ. "ಇನ್ನೊಮ್ಮೆ ಓದ್ರಿ ಕಾಕಾ." ಓದಿದೆ. "ಒಳ್ಳೇವ್ರಿಗೆ ಒಳ್ಳೇಂವ, ಕಾಡಾಕ ಬಂದವ್ರಿಗೆ ಯಮಾ. ಹೌದಲ್ರಿ? ಸಿನಿಮಾ ಡೈಲಾಗ್ ಇದ್ದಂಗ ಐತ್ರಿ!" ಪರೀಕ್ಷೆಯಲ್ಲಿ ಹೀಗೆ ಬರೆದರೆ ಅರ್ಧ ಅಂಕವೂ ಸಿಗಲಿಕ್ಕಿಲ್ಲ. ನಾನು ಪೂರ್ತಿ ಕೊಟ್ಟೆ.

ರಾತ್ರಿ ನೋಡಿದರೆ ಅವನ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಮೊದಲ ಎರಡು ಸಾಲು ಇದ್ದವು. ಮೂರನೆಯದು ಎಲ್ಲಿ ಅಂತ ಕೇಳಿದೆ. ಹಳೆಯ 'ಱ' ಅಕ್ಷರ ಕೀಲಿಮಣೆಯಲ್ಲಿ ಸಿಗುತ್ತಿಲ್ಲವಂತೆ, ಗೆಳೆಯರೆಲ್ಲ ಸೇರಿ ಹುಡುಕುತ್ತಿದ್ದಾರಂತೆ.