ಹತ್ತು ವರ್ಷಕ್ಕೆ ತೀರುವ ಕಾರಿನ ಋಣ

ಹೋದ ತಿಂಗಳು ನಮ್ಮ ಬ್ಲಾಕಿನ ಗೆಳೆಯನೊಬ್ಬ ತನ್ನ ಕಾರನ್ನು ಗುಜರಿಗೆ ಕೊಟ್ಟು ಬಸ್ಸಿನಲ್ಲಿ ಮನೆಗೆ ಬಂದ. ಮೈಸೂರಿನವನು. ಕಾರಿಗೆ ಏನೂ ಆಗಿರಲಿಲ್ಲ. ಎಂಜಿನ್ ಗಟ್ಟಿಮುಟ್ಟು, ಸೀಟಿನ ಬಟ್ಟೆಯೂ ಹರಿದಿರಲಿಲ್ಲ. ಆದರೆ ಹತ್ತು ವರ್ಷ ತುಂಬುತ್ತಾ ಬಂದಿತ್ತು. ಸಿಂಗಪುರದಲ್ಲಿ ಕಾರು ಮನೆ ಬಿಡೋಕೆ ಅಷ್ಟು ಸಾಕು. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪನನ್ನು ಮಾತ್ರ ಕಿತ್ತು ತಂದಿದ್ದ. ಬುಡದಲ್ಲಿ ಅಂಟಿನ ಚೂರು ಹಾಗೇ ಇತ್ತು.

ಇಲ್ಲಿ ಕಾರು ಕೊಳ್ಳಬೇಕಾದರೆ ಅದನ್ನು ಇಟ್ಟುಕೊಳ್ಳುವ ಹಕ್ಕನ್ನೂ ಕೊಳ್ಳಬೇಕು. ಅದಕ್ಕೆ ಸಿಒಇ (ಸರ್ಟಿಫಿಕೇಟ್ ಆಫ್ ಎಂಟೈಟಲ್‌ಮೆಂಟ್) ಅಂತಾರೆ. 1990ರಿಂದ ಇದೆ. ತಿಂಗಳಿಗೆ ಎರಡು ಸಲ ಹರಾಜು. 2008ರ ಕೊನೆಯಲ್ಲಿ, ಜಗತ್ತಿನ ಆರ್ಥಿಕತೆ ಮಕಾಡೆ ಮಲಗಿದ್ದಾಗ, ಸಣ್ಣ ಕಾರಿನ ಸಿಒಇ ಒಮ್ಮೆ 2 ಸಿಂಗಪುರ ಡಾಲರ್‌ಗೆ ಇಳಿದಿತ್ತು. 2023ರ ಅಕ್ಟೋಬರ್‌ನಲ್ಲಿ ಅದೇ ಸಣ್ಣ ಕಾರಿಗೆ 1,06,000 ಡಾಲರ್, ದೊಡ್ಡದಕ್ಕೆ 1,50,001. ದೊಡ್ಡದರ ಲೆಕ್ಕ ನಮ್ಮ ದುಡ್ಡಿನಲ್ಲಿ 90 ಲಕ್ಷ ದಾಟುತ್ತದೆ. ಇದಿನ್ನೂ ಬರೀ ಹಕ್ಕಿನ ಬೆಲೆ. ಕಾರಿನ ದುಡ್ಡು, ಅದರ ಮೇಲಿನ ತೆರಿಗೆ ಬೇರೆ. ಹತ್ತು ವರ್ಷ ಆದಮೇಲೆ ಮತ್ತೆ ದುಡ್ಡು ಕಟ್ಟಿ ಮುಂದುವರಿಸಬಹುದು. ಇಲ್ಲವೇ ಕಾರು ಬಿಡಬೇಕು.

ಊರು ಚಿಕ್ಕದು, ಜನ 60 ಲಕ್ಷ. ನೆಲದ 12 ಪರ್ಸೆಂಟ್ ಆಗಲೇ ರಸ್ತೆಗೆ ಹೋಗಿದೆ. ಇನ್ನೆಲ್ಲಿ ಜಾಗ? ಅದಕ್ಕೇ 2018ರಲ್ಲಿ ಕಾರುಗಳ ಬೆಳವಣಿಗೆ ದರವನ್ನು ಸೊನ್ನೆಗೆ ಇಳಿಸಿದರು.

ಹೀಗಾಗಿ ಇಲ್ಲಿ ಹೆಚ್ಚು ಕಡಿಮೆ ಮೂರು ಮನೆಗೆ ಒಂದರಲ್ಲಿ ಕಾರಿದೆ. ನಮ್ಮ ದೇಶದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ನೂರು ಮನೆಗೆ ಏಳೆಂಟು. ಅಂದರೆ ಕಾರಿಲ್ಲದವರು ನಮ್ಮಲ್ಲೇ ಜಾಸ್ತಿ. ಆದರೂ ಕಾರಿಲ್ಲ ಅಂತ ಕುಗ್ಗುವವರೂ ನಮ್ಮಲ್ಲೇ ಜಾಸ್ತಿ, ಅಲ್ವಾ?

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಕಾರಿಲ್ಲ. ಯಾಕಿಲ್ಲ ಅಂತ ಇಲ್ಲಿ ಒಬ್ಬರೂ ಕೇಳಿಲ್ಲ. ನಮ್ಮ ಬಾಸ್ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಬರುತ್ತಾರೆ. ಅವರ ಕೈಕೆಳಗಿನ ಹುಡುಗನಿಗೆ ಎರಡು ಚಿಕ್ಕ ಮಕ್ಕಳು, ಅವನು ಸಾಲ ಮಾಡಿ ಕಾರಿಟ್ಟಿದ್ದಾನೆ. ಕಾರು ನೋಡಿ ಯಾರು ದೊಡ್ಡವರು ಅಂತ ಹೇಳೋಕಾಗಲ್ಲ. ಹಾಸನಕ್ಕೆ ಹೋದರೆ ಮಾತ್ರ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಮೂರು ಜನ ಕೇಳುತ್ತಾರೆ. ಅಮ್ಮನದು ಬೇರೆ ಇದ್ದೇ ಇದೆ: "ಇನ್ನೂ ಬಸ್ಸಲ್ಲೇ ಓಡಾಡ್ತೀಯೇನಪ್ಪಾ? ನಿಮ್ಮ ಭಾವ ಎರಡನೇದು ತಗೊಂಡ್ರು."

ಸಿಂಗಪುರದವರು ಸರಳ ಜೀವಿಗಳು ಅಂತ ನಾನು ಹೇಳುತ್ತಿಲ್ಲ. ಬೆಲೆ ಇಳಿದರೆ ನಾಳೆಯೇ ಸಾಲುಗಟ್ಟಿ ಕೊಳ್ಳುತ್ತಾರೆ. ಅವರನ್ನು ತಡೆದಿರುವುದು ಜೇಬು. ಈ ಹರಾಜಿನಲ್ಲಿ ನನಗೆ ಹಿಡಿಸದ್ದೂ ಅದೇ. ಯಾರಿಗೆ ಕಾರು ಬೇಕೇಬೇಕು ಅಂತ ಅದು ಕೇಳುವುದಿಲ್ಲ, ಯಾರ ಹತ್ತಿರ ಇದೆ ಅಂತ ಮಾತ್ರ ಕೇಳುತ್ತದೆ. ಅಮ್ಮ ಮಂಡಿನೋವು ಇಟ್ಟುಕೊಂಡು ಇಲ್ಲಿಗೆ ಬಂದಾಗ ಜಡಿಮಳೆಯಲ್ಲಿ ಟ್ಯಾಕ್ಸಿಗೆ ಅರ್ಧ ಗಂಟೆ ಕಾದಿದ್ದೆವು. ಆ್ಯಪಿನಲ್ಲಿ ಬಾಡಿಗೆ ಏರುತ್ತಲೇ ಇತ್ತು. ಎದುರಿಗೆ ಒಬ್ಬನೇ ಕೂತಿದ್ದ ದೊಡ್ಡ ಕಾರೊಂದು ನೀರು ಹಾರಿಸಿಕೊಂಡು ಹೋಯಿತು. ಅಮ್ಮ ಏನೂ ಅನ್ನಲಿಲ್ಲ, ಸೆರಗು ಹಿಂಡಿಕೊಂಡರು.

ನಾನು ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಗೆಳೆಯರು, ನಮ್ಮಲ್ಲೂ ಇಂಥದ್ದೊಂದು ತರಬೇಕು ಅನ್ನುತ್ತಾರೆ. ಹಾಗೆ ಅನ್ನುವವರು ಕಾರಿನೊಳಗೇ ಕೂತಿರುತ್ತಾರೆ, ಅದು ಬೇರೆ ಮಾತು. ಕರ್ನಾಟಕದಲ್ಲಿ ಕಾರಿನ ಮೇಲಿನ ಜೀವಾವಧಿ ತೆರಿಗೆ ಈಗಲೇ 13ರಿಂದ 18 ಪರ್ಸೆಂಟ್ ಇದೆ. ಬೈದುಕೊಂಡೇ ಜನ ಕಟ್ಟುತ್ತಾರೆ. ಯಾಕೆಂದರೆ ಮೆಟ್ರೋ ಇಳಿದಮೇಲೆ ಮನೆ ಸೇರಲು ಫುಟ್‌ಪಾತ್ ಇಲ್ಲ, ಫೀಡರ್ ಬಸ್ಸು ಯಾವಾಗ ಬರುತ್ತದೋ ಗೊತ್ತಿಲ್ಲ. ಇಲ್ಲಿ ನನ್ನ ಮನೆಯಿಂದ ಬಸ್‌ಸ್ಟಾಪಿನವರೆಗೂ ಚಾವಣಿ ಇದೆ, ಮಳೆಗಾಲದಲ್ಲೂ ಚಪ್ಪಲಿ ಒದ್ದೆಯಾಗುವುದಿಲ್ಲ. ಆ ಚಾವಣಿ ಹಾಕಿಸದೆ ಬರೀ ಹರಾಜು ತಂದರೆ ಬೆಂಗಳೂರಿನ ರಸ್ತೆಗಳು ದುಡ್ಡಿದ್ದವರ ಪಾಲಾಗುತ್ತವೆ, ಉಳಿದವರು ಹೊಂಡ ದಾಟಿಕೊಂಡು ನಡೆಯಬೇಕು.

ಗೆಳೆಯನ ಗಣಪ ಈಗ ಅವನ ಮನೆಯ ಟಿವಿ ಪಕ್ಕದಲ್ಲಿದ್ದಾನೆ. ಹರಾಜು ಬುಧವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಮೊನ್ನೆ ಅದೇ ಹೊತ್ತಿಗೆ ನಮ್ಮಿಬ್ಬರದೂ ಕಾಫಿ. ಮಾತಿನ ಮಧ್ಯೆ ಮೊಬೈಲ್ ತೆಗೆದು ರೇಟು ನೋಡಿದ. ನಾನು ನೋಡಿದ್ದನ್ನು ನೋಡಿ, "ಕೊಳ್ಳಲ್ಲ ಕಣೋ, ಸುಮ್ನೆ ನೋಡ್ದೆ" ಅಂದ.