ಸ್ಪಷ್ಟನೆ: ಹಿಂಬದಿ ಶಾಕ್ ಇಲ್ಲದ ಸೈಕಲೂ ವೇಗವಾಗಿ ಓಡುತ್ತದೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: “ನಮ್ಮ ಮುರಕಲ್ಲಿನ (ಲ್ಯಾಟರೈಟ್) ಗುಡ್ಡದ ಬಯಲಿಗೆ ಹಾರ್ಡ್‌ಟೇಲ್ ಆಗದು. ಅಗ್ಗದ್ದಾದರೂ ಸರಿ, ಎರಡೂ ಕಡೆ ಶಾಕ್ ಇರುವುದನ್ನೇ ತೆಗೆದುಕೊಳ್ಳಿ. ಟಯರಿಗೆ ಗಾಳಿ ಗಟ್ಟಿ ತುಂಬಿದಷ್ಟೂ ವೇಗ.” ಹಾರ್ಡ್‌ಟೇಲ್ ಎಂದರೆ ಮುಂದೆ ಮಾತ್ರ ಶಾಕ್ ಇರುವ ಸೈಕಲ್. ಈ ಎರಡು ಮಾತೂ ತಪ್ಪು. ಇದನ್ನು ನಂಬಿ ಮಕ್ಕಳಿಗೆ ಸೈಕಲ್ ಕೊಡಿಸಲು ಹೊರಟವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಒಪ್ಪುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಚೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಚಿನ್ನ ಗೆದ್ದದ್ದು ಎರಡೂ ಕಡೆ ಶಾಕ್ ಇದ್ದ ಸೈಕಲಿನಲ್ಲೇ. ಆದರೆ ಅದು ಕಾರ್ಬನ್ ಫ್ರೇಮಿನ ದುಬಾರಿ ಸೈಕಲ್. ಅಗ್ಗದ ಸೈಕಲಿನ ಹಿಂದಿನ ಸ್ಪ್ರಿಂಗ್ ತೂಕ ಹೆಚ್ಚಿಸುತ್ತದೆ. ಏರಿನಲ್ಲಿ ತುಳಿದಾಗಲೆಲ್ಲ ಕುಗ್ಗಿ ಎದ್ದು ಕಾಲಿನ ಬಲವನ್ನು ತಿನ್ನುತ್ತದೆ. ಪೊಸಡಿಗುಂಪೆ ಗುಡ್ಡದ ಏರಿನಲ್ಲಿ ಒಮ್ಮೆ ತುಳಿದು ನೋಡಿ, ಗೊತ್ತಾಗುತ್ತದೆ.

ಅದೇ ದುಡ್ಡಿಗೆ, ಮುಂದೆ ಮಾತ್ರ ಶಾಕ್ ಇರುವ ಒಳ್ಳೆಯ ಹಾರ್ಡ್‌ಟೇಲ್ ಬರುತ್ತದೆ. ಮುಂದಿನ ಚಕ್ರ ಹಿಡಿಯುವ, ಶಾಕ್ ಇರುವ ಫೋರ್ಕ್ 100ರಿಂದ 120 ಮಿ.ಮೀ. ಕುಗ್ಗಿದರೆ ಸಾಕು. ಸ್ಪ್ರಿಂಗಿನ ಫೋರ್ಕಿಗಿಂತ ಗಾಳಿ ತುಂಬುವ ಫೋರ್ಕ್ ಮೇಲು, ಸವಾರನ ತೂಕಕ್ಕೆ ಹೊಂದಿಸಬಹುದು. 29 ಇಂಚಿನ ಚಕ್ರ ಕಲ್ಲು, ಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ. ಫ್ರೇಮಿನ ಅಳತೆಯನ್ನು ಮಾತ್ರ ಹತ್ತಿ ಕೂತೇ ನೋಡಬೇಕು.

ಇನ್ನು ಟಯರಿನ ಗಾಳಿಯ ಮಾತು. ಹಾರ್ಡ್‌ಟೇಲಿನಲ್ಲಿ ಹಿಂದಿನ ಪೆಟ್ಟು ತಡೆಯುವುದು ಟಯರೇ. ಅದನ್ನು ಗಟ್ಟಿ ಮಾಡಿದರೆ ಮುರಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ, ವೇಗವೂ ಕಡಿಮೆಯಾಗುತ್ತದೆ. 65 ಕಿಲೋ ತೂಗುವವರು 2.25 ಇಂಚಿನ ಟ್ಯೂಬ್‌ಲೆಸ್ ಟಯರಿಗೆ 20ರಿಂದ 25 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಹಾಕಿ ಶುರುಮಾಡಲಿ, ಮುಂದಿನದಕ್ಕಿಂತ ಹಿಂದಿನದಕ್ಕೆ ಒಂದೆರಡು ಹೆಚ್ಚು.