ನಾಯಿಯ ಚಿಕಿತ್ಸೆಗೆ ಜನರ ಹತ್ತಿರ ದುಡ್ಡು ಕೇಳಬಹುದೇ?

ಪರ: ಕೇಳಬೇಕು, ಅದೂ ಬೇಗ ಕೇಳಬೇಕು

ಪಾರ್ವೊ ಎಂಬ ವೈರಸ್ ಕಾಯಿಲೆ ಬಂದ ನಾಯಿಮರಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಚಪ್ಪಲಿ ಕಚ್ಚಿಕೊಂಡು ಓಡಾಡುತ್ತಿದ್ದ ಮರಿ ಸಂಜೆ ಹೊತ್ತಿಗೆ ಮೂಲೆ ಸೇರಿರುತ್ತದೆ. ತಟ್ಟೆ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಮೊದಲು ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆ ಮನೆ ತುಂಬ ಹರಡುತ್ತದೆ. ಮುಂಗಾಲಿಗೆ ಸೂಜಿ ಹಾಕಿ, ಮೇಲೆ ಪ್ಲಾಸ್ಟರ್ ಸುತ್ತಿ, ದಿನಗಟ್ಟಲೆ ಡ್ರಿಪ್ ಕೊಡಬೇಕು. ಹಾಗೆ ನೋಡಿಕೊಂಡರೆ ಎಷ್ಟೋ ಮರಿಗಳು ಎದ್ದು ಕೂರುತ್ತವೆ. ಸುಮ್ನೆ ಬಿಟ್ಟರೆ ಹೆಚ್ಚಿನವು ಉಳಿಯುವುದಿಲ್ಲ. ಬದುಕುವ ಮರಿಗೂ ಸಾಯುವ ಮರಿಗೂ ನಡುವೆ ಇರುವುದು ಎಷ್ಟೋ ಸಲ ಆಸ್ಪತ್ರೆಯ ಬಿಲ್ ಮಾತ್ರ.

"ಸಾಕೋಕೆ ಆಗದವರು ಯಾಕೆ ತಂದರು?" ಎಂದು ಕೇಳುವವರಿದ್ದಾರೆ. ಎಷ್ಟೋ ಮನೆಗಳಲ್ಲಿ ನಾಯಿಯನ್ನು ಯಾರೂ ಕೊಂಡು ತಂದಿರುವುದಿಲ್ಲ. ಮೋರಿ ಪಕ್ಕ ಅಳುತ್ತಿದ್ದ ಮರಿಯನ್ನು ಆಟೋ ಓಡಿಸುವವರೋ ಹೂ ಮಾರುವ ಅಜ್ಜಿಯೋ ಎತ್ತಿಕೊಂಡು ಬಂದಿರುತ್ತಾರೆ. ತಾವು ಉಂಡ ಅನ್ನದಲ್ಲೇ ಅದಕ್ಕೂ ಒಂದು ಪಾಲು ಇಡುತ್ತಾರೆ. ದಿನದ ಅನ್ನ ಹಾಕುವ ಶಕ್ತಿ ಇದ್ದವರಿಗೆಲ್ಲ ವಾರದ ಆಸ್ಪತ್ರೆ ಖರ್ಚು ಹೊರುವ ಶಕ್ತಿ ಇರುವುದಿಲ್ಲ. ನಾಯಿಗೂ ಈಗ ವಿಮೆ ಸಿಗುತ್ತದೆ, ನಿಜ. ಆದರೆ ಕಾಯಿಲೆ ಬಂದ ಮೇಲೆ ಮಾಡಿಸಿದ ವಿಮೆ ಆ ಕಾಯಿಲೆಗೆ ನೆರವಾಗುವುದಿಲ್ಲ.

ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕೈಯಲ್ಲಿ ಕಾಸಿಲ್ಲದವರು ಹಾಗೆ ಮಾಡದೆ ನಾಲ್ಕು ಜನರ ಮುಂದೆ ಬಂದು ನಿಂತರೆ ಅದು ಮರ್ಯಾದೆಯ ಕೆಲಸ. ವೈದ್ಯರು ಬರೆದುಕೊಟ್ಟ ಅಂದಾಜು ತೋರಿಸಲಿ. ದುಡ್ಡು ನೇರ ಆಸ್ಪತ್ರೆಗೇ ಹೋಗಲಿ. ಇಷ್ಟಾದರೆ ಕೊಡುವವರಿಗೂ ಅನುಮಾನ ಇರುವುದಿಲ್ಲ.

ವಿರೋಧ: ನೆರವು ಬೇಕು, ಆದರೆ ಈ ದಾರಿಯಲ್ಲಿ ಬೇಡ

ನನಗೂ ನಾಯಿ ಎಂದರೆ ಜೀವ. ಆದರೂ ಬೇಡ ಎನ್ನುತ್ತೇನೆ.

ಫೋಟೋ ನೋಡಿ ಬರುವ ದುಡ್ಡು ಮುದ್ದು ಮುಖದ ಕಡೆಗೇ ಜಾಸ್ತಿ ಹೋಗುತ್ತದೆ. ಲ್ಯಾಬ್ರಡಾರ್ ಮರಿಗೆ ಸಿಕ್ಕಷ್ಟು ಸುಲಭವಾಗಿ, ಕಜ್ಜಿ ಹಿಡಿದ ಮುದಿ ನಾಡುನಾಯಿಗೆ ಸಿಗುವುದಿಲ್ಲ. ಚೆನ್ನಾಗಿ ಬರೆಯಬಲ್ಲವರು, ಪರಿಚಯ ಹೆಚ್ಚಿರುವವರು ಬೇಗ ಸಂಗ್ರಹಿಸುತ್ತಾರೆ. ಆ ಹೂ ಮಾರುವ ಅಜ್ಜಿ ಎಲ್ಲಿ ಹೋಗಿ ಕೇಳಬೇಕು?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕಿಡ್ನಿ ಪೂರ್ತಿ ಕೈಕೊಟ್ಟ ಮುದಿ ನಾಯಿ. ಕಣ್ಣು ಗುಳಿಬಿದ್ದಿದೆ, ಬಾಯಿ ಹುಣ್ಣಾಗಿದೆ, ಎದ್ದು ನಿಲ್ಲಲು ಆಗುತ್ತಿಲ್ಲ. ಇನ್ನು ನೋವು ಕೊಡುವುದು ಬೇಡ ಎಂದು ವೈದ್ಯರು ಮೆಲ್ಲಗೆ ಹೇಳುತ್ತಾರೆ. ಸಾಕಿದವರು ತಮ್ಮ ದುಡ್ಡೇ ಹಾಕಿದ್ದರೆ ಅತ್ತುಕೊಂಡೇ ಒಪ್ಪುತ್ತಿದ್ದರು. ಆದರೆ ಊರೆಲ್ಲ ದುಡ್ಡು ಕೊಟ್ಟಿದೆ. "ಹೇಗಿದ್ದಾನೆ ಈಗ?" ಎಂದು ದಿನಾ ಕೇಳುತ್ತಿದೆ. ಸಾಕು ಎನ್ನಲು ಬಾಯಿ ಬರುವುದಿಲ್ಲ. ಇನ್ನೊಂದು ಡ್ರಿಪ್, ಇನ್ನೊಂದು ರಕ್ತಪರೀಕ್ಷೆ. ಆ ನೋವನ್ನು ತಿನ್ನುವುದು ನಾಯಿ, ಅಲ್ವಾ?

ದೊಡ್ಡ ಬಿಲ್ ತರುವ ಕಾಯಿಲೆಗಳಲ್ಲಿ ಹಲವನ್ನು ಮೊದಲೇ ತಡೆಯಬಹುದು. ಪಾರ್ವೊಗೆ ಲಸಿಕೆ ಇದೆ. ಮರಿಗೆ 6ರಿಂದ 8 ವಾರ ಆದಾಗ ಶುರು ಮಾಡಿ, ಕೆಲವು ವಾರಗಳಿಗೊಮ್ಮೆ ಮತ್ತೆ ಹಾಕಿಸಬೇಕು. ರಕ್ತ ಹೀರುವ ಉಣ್ಣಿಯಿಂದ ಬರುವ ಜ್ವರ ತಡೆಯಲು ಉಣ್ಣಿಗೆ ಔಷಧಿ ಹಾಕಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಆಗಾಗ ಹುಡುಕಿ ತೆಗೆಯಬೇಕು. ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ ಬಹುತೇಕ ಇರುವುದಿಲ್ಲ. ನಾವು ಕೊಡುವ ದುಡ್ಡು ಇಲ್ಲಿಗೆ ಹೋಗಲಿ. ಒಂದು ನಾಯಿಯ ಕೊನೆಯ ವಾರದ ಖರ್ಚಿನಲ್ಲಿ ಬೀದಿಯ ಮರಿಗಳಿಗೆಲ್ಲ ಲಸಿಕೆ ಹಾಕಿಸಬಹುದು.

ಕಾಯಿಲೆ ಬಂದೇ ಬಿಟ್ಟರೆ? ಬೆಂಗಳೂರಿನಲ್ಲಿ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಪ್ರಾಣಿಗಳ ನೆರವಿಗೆಂದೇ ಇರುವ ಕ್ಯೂಪಾದಂಥ ಸಂಸ್ಥೆಯೂ 1991ರಿಂದ ಕೆಲಸ ಮಾಡುತ್ತಿದೆ. ಕಷ್ಟ ಇರುವುದು ಬೇರೆ ಊರುಗಳಲ್ಲಿ. ಅಲ್ಲಿನ ಪಶು ಆಸ್ಪತ್ರೆಗಳು ದನ, ಕುರಿ ನೋಡುವುದಕ್ಕೆಂದೇ ಬೆಳೆದವು. 1962 ಸಹಾಯವಾಣಿ ಸಂಖ್ಯೆಗೆ ಕರೆ ಮಾಡಿದರೆ ಬರುವ ವಾಹನವೂ ಮುಖ್ಯವಾಗಿ ರೈತರ ಜಾನುವಾರಿಗಾಗಿಯೇ ಇರುವುದು. ಒಂದು ನಾಯಿಗೆಂದು ಚಂದಾ ಎತ್ತುವ ಉತ್ಸಾಹದಲ್ಲಿ ಅರ್ಧವನ್ನಾದರೂ ಶಾಸಕರ ಕಚೇರಿಗೆ ಅರ್ಜಿ ಹಿಡಿದು ಹೋಗುವುದಕ್ಕೆ ಇಡೋಣ. ಜಿಲ್ಲೆಗೆ ಒಂದು ಕಡೆಯಾದರೂ ರಾತ್ರಿ ವೈದ್ಯರು, ಸ್ಕ್ಯಾನಿಂಗ್, ರಕ್ತಪರೀಕ್ಷೆ ಬೇಕೆಂದು ಕೇಳೋಣ. ಆಗ ಅಜ್ಜಿ ಯಾರ ಮುಂದೆಯೂ ಫೋಟೋ ಹಿಡಿಯದೆ, ಚೀಟಿ ಮಾಡಿಸಿ ಒಳಗೆ ಹೋಗಬಹುದು.